ಹೆಸರಿಲ್ಲದ ಹದಿನೇಳು ಮೂಟೆ

ಆ ಸೋಮವಾರ ತಮಿಳ್‌ಸೆಲ್ವನ್‌ನ ಗ್ರಹಚಾರ ಒಂದು ನಿಮಿಷ ನಲವತ್ತು ಸೆಕೆಂಡಿನ ವಾಯ್ಸ್ ಮೆಸೇಜಿನ ರೂಪದಲ್ಲಿ ಬಂತು.

ಹಿಂದಿನ ದಿನ ಮುಹೂರ್ತದ ಭಾನುವಾರ. ತೋಟದಲ್ಲಿದ್ದ ಬಾಳೆಯೆಲೆಯೆಲ್ಲ ಮದುವೆ ಪಂಕ್ತಿಗೆ ಹೋಗಿ, ಕೊಯ್ಯಲು ಒಂದು ಸೀಳೂ ಉಳಿದಿರಲಿಲ್ಲ. ಇಲ್ಲದಿದ್ದರೆ ದಿನವೂ ನಾಲ್ಕೂವರೆಗೇ ಎದ್ದು, ಎಲೆಕಟ್ಟು ಹೊತ್ತು, ತೇನಿ ಬಸ್ಸಿನ ಹಿಂದೆ ಓಡುವ ಆಸಾಮಿ ಅವನು. ಅಂದು ಅಪರೂಪಕ್ಕೆ ಆರು ಗಂಟೆಯವರೆಗೂ ಚಾಪೆಯ ಮೇಲೆ ಹೊರಳಾಡುತ್ತಿದ್ದ. ಹಿತ್ತಲಿನಿಂದ ಗುಂಯ್ ಎಂದು ಸದ್ದು ಬರುತ್ತಿತ್ತು.

"ಅದೇನು ವೀರಾ ಸದ್ದು?"

"ಗ್ರೈಂಡರು ಮಾಮಾ. ಹಿಟ್ಟು ರುಬ್ತಾ ಇವ್ನಿ. ನೀನು ಮಲಕ್ಕೊ" ಅಂದಳು ಹೆಂಡತಿ ವೀರಮ್ಮಾಳ್. ಅವಳು ಅವನ ಅಕ್ಕನ ಮಗಳೇ. ಹಾಗಾಗಿ ಹುಟ್ಟಿದಾಗಿನಿಂದ ಮಾಮಾ ಎಂದೇ ಕರೆಯುತ್ತಾಳೆ, ಹುಟ್ಟಿದಾಗಿನಿಂದ ಅವನಿಗೆ ಹೆದರಿದ್ದೂ ಇಲ್ಲ.

ಕಿವಿಗೊಟ್ಟು ಕೇಳಿದರೆ ಎಡಗಡೆ ಮನೆಯಲ್ಲೂ ಗುಂಯ್, ಬಲಗಡೆ ಮನೆಯಲ್ಲೂ ಗುಂಯ್. ಬೀದಿಯೆಲ್ಲ ಇಷ್ಟು ಹಿಟ್ಟು ರುಬ್ಬುತ್ತಿದ್ದರೂ ತನ್ನ ಎಲೆಯ ಮೇಲೆ ಇಡ್ಲಿ ಬೀಳುವುದು ತಿಂಗಳಿಗೊಮ್ಮೆ ಮಾತ್ರ ಯಾಕೆ ಎಂದು ಅವನು ಯೋಚಿಸಲು ಹೊರಟಿದ್ದ. ಅಷ್ಟರಲ್ಲಿ ಫೋನು ಟಿಣ್ ಎಂದಿತು, ಯೋಚನೆ ಅಲ್ಲಿಗೇ ನಿಂತಿತು.

ಇಲ್ಲಿ ಅವನ ಹೆಸರಿನ ಬಗ್ಗೆ ಒಂದು ಮಾತು ಹೇಳಿಬಿಡಬೇಕು. ಹೆಸರು ತಮಿಳ್‌ಸೆಲ್ವನ್, ಮನೆಮಾತು ಕನ್ನಡ. ಇದರಲ್ಲಿ ಅವನ ತಪ್ಪೇನಿಲ್ಲ. ಅವನಪ್ಪ ಪಕ್ಷದ ಮೇಲಿನ ಅಭಿಮಾನಕ್ಕೆ ಮಗನಿಗೆ ಆ ಹೆಸರಿಟ್ಟು, ತೊಟ್ಟಿಲನ್ನು ಮಾತ್ರ ಕನ್ನಡದಲ್ಲೇ ತೂಗಿದ್ದ. ಉತ್ತಮಪಾಳಯಂ ಪಕ್ಕದ ಒಡೆಯಪಟ್ಟಿಯ ಮೇಲ್‌ಬೀದಿಯಲ್ಲಿ ಎಲ್ಲರ ಮನೆಯಲ್ಲೂ ಇದೇ ಕತೆ. ಹೊಸ್ತಿಲೊಳಗೆ ಕನ್ನಡ, ಹೊಸ್ತಿಲಾಚೆ ತಮಿಳು, ಜಗಳಕ್ಕೆ ನಿಂತರೆ ಎರಡೂ. ಬೀದಿಯವರು ಅವನನ್ನು ಸೆಲ್ವಾ ಎನ್ನುತ್ತಿದ್ದರು. ನಾವೂ ಹಾಗೇ ಅನ್ನೋಣ.

ಸೆಲ್ವನಪ್ಪ ಮಗನಿಗೆ ಬಿಟ್ಟುಹೋದದ್ದು ಇನ್ನೂ ಒಂದಿತ್ತು. ಮನೆಯ ಮುಂದಿನ ಕೋಣೆಯನ್ನು ಪಕ್ಷದ ಮನ್ರಂಗೆ, ಅಂದರೆ ಬೀದಿಯ ಸಂಘಕ್ಕೆ ಬಿಟ್ಟುಕೊಟ್ಟು, ಬಾಗಿಲ ಮೇಲೆ ಒಂದು ತಗಡಿನ ಬೋರ್ಡು ಹೊಡೆಸಿದ್ದ. ಒಳಗೆ ಒಂದು ಕೇರಂ ಬೋರ್ಡು, ಒಂದು ಬೆಂಚು, ಒಂದು ಪೇಪರು. ಆ ಮನ್ರಂಗೆ ಸೆಲ್ವ ಹನ್ನೊಂದು ವರ್ಷದಿಂದ ಕಾರ್ಯದರ್ಶಿ. ಬಸ್‌ಸ್ಟಾಂಡಿನಲ್ಲಿ ಅವನು ಎಲೆಕಾರ, ಮನೆಯಲ್ಲಿ ಮಾಮಾ. ಮನುಷ್ಯರು ಅವನನ್ನು ಕಾರ್ಯದರ್ಶಿ ಎಂದು ಕರೆಯುವುದು ಆ ಬೋರ್ಡಿನ ಕೆಳಗೆ ನಿಂತಾಗ ಮಾತ್ರ. ಆದ್ದರಿಂದ ಅವನು ದಿನಕ್ಕೆ ಎಷ್ಟು ಸಲ ಸಾಧ್ಯವೋ ಅಷ್ಟು ಸಲ ಅದರ ಕೆಳಗೆ ನಿಲ್ಲುತ್ತಿದ್ದ.

ಮೆಸೇಜು ಬಂದದ್ದು ಇಂದುಜಾ ಎಂಬ ಹೆಣ್ಣುಮಗಳಿಂದ. ಹೋದ ತಿಂಗಳಷ್ಟೇ ಜಿಲ್ಲೆಯ ಎಲ್ಲ ಮನ್ರಂಗಳ ಮೇಲ್ವಿಚಾರಣೆಗೆ ಬಂದವಳು. ಯಾರೂ ಅವಳನ್ನು ನೋಡಿರಲಿಲ್ಲ, ಅವಳೂ ಯಾರನ್ನೂ ನೋಡಿರಲಿಲ್ಲ, ಧ್ವನಿ ಮಾತ್ರ ದಿನವೂ ಬರುತ್ತಿತ್ತು. ಅಂದು ಅವಳು ತಮಿಳಿನಲ್ಲಿ ಹೇಳಿದ್ದರ ಸಾರಾಂಶ ಇಷ್ಟು: ಶಾಲು ಹೊದಿಸಿಕೊಂಡು ಕೇರಂ ಆಡುವ ಕಾಲ ಮುಗಿಯಿತು. ಇಂದು ಸಂಜೆ ಆರರೊಳಗೆ ಪ್ರತಿಯೊಂದು ಮನ್ರಂ ಎರಡು ಕೆಲಸ ಮಾಡಬೇಕು. ಬೀದಿಗೆ ಬೇಕಾದದ್ದೊಂದಕ್ಕೆ ಮನು, ಅಂದರೆ ಮನವಿ ಪತ್ರ, ಬರೆದು ಪಂಚಾಯಿತಿ ಆಫೀಸಿಗೆ ಕೊಟ್ಟು ರಸೀದಿ ತರಬೇಕು. ಸದಸ್ಯರಿಂದ ವಸ್ತು ಸೇರಿಸಿ ಅದೇ ಬೀದಿಯ ಒಬ್ಬ ಬಡವರಿಗೆ ಕೊಡಬೇಕು. ಕೊಟ್ಟವರ ಹೆಸರು ಎಲ್ಲೂ ಕಾಣಕೂಡದು. ಪಡೆದವರ ಫೋಟೊ ಗ್ರೂಪಿಗೆ ಬರಲೇಬೇಕು. ಬಾರದ ಮನ್ರಂನ ಬೋರ್ಡು ನಾಳೆ ಬೆಳಿಗ್ಗೆ ಇಳಿಯುತ್ತದೆ.

ಸೆಲ್ವ ದಡಕ್ಕನೆ ಎದ್ದು ಕೂತ. ಬೋರ್ಡು ಇಳಿದ ಬಾಗಿಲನ್ನು ಮನಸ್ಸಿನಲ್ಲೇ ನೋಡಿದ. ಬರೀ ಎಲೆಕಾರನ ಮನೆಯ ಬಾಗಿಲು ಕಾಣಿಸಿತು.

"ವೀರಾ, ನನ್ನ ಕರೆ ವೇಷ್ಟಿ ಎಲ್ಲಿ?" ಎಂದು ಕೂಗಿದ. ಕರೆ ವೇಷ್ಟಿ ಅಂದರೆ ಪಕ್ಷದ ನೇರಳೆ ಬಣ್ಣದ ಅಂಚಿರುವ ಪಂಚೆ. ಸಭೆಗಳಲ್ಲಿ ಎಲ್ಲರ ಪಂಚೆಯೂ ಒಂದೇ ಥರ ಇರುತ್ತದೆಂದು ಅವನು ತನ್ನದರ ಮೂಲೆಯಲ್ಲಿ ಮಾರ್ಕರಿನಿಂದ ಹೆಸರನ್ನೂ ಬರೆಸಿಕೊಂಡಿದ್ದ.

ಹಿತ್ತಲ ಸದ್ದು ಪಕ್ಕನೆ ನಿಂತಿತು. "ಅಗಸರವನು ತಕ್ಕೊಂಡೋದ" ಎಂದಳು ವೀರಮ್ಮಾಳ್.

"ಹೋದ ತಿಂಗಳೂ ಹಂಗೇ ಅಂದೆಯಲ್ಲ."

"ನಿದಾನವಾಗಿ ಒಗೀತಾನೆ."

ಸೆಲ್ವ ಬಿಳಿ ಪಂಚೆಯನ್ನೇ ಸುತ್ತಿಕೊಂಡು ಮುಂದಿನ ಕೋಣೆಗೆ ಹೋದ.

ಅಲ್ಲಿ ಅಧ್ಯಕ್ಷ ಮಾಯಾಂಡಿ ದೊಡ್ಡಪ್ಪ ಬೆಂಚಿನ ಮೇಲೆ ಮಲಗಿ ಪೇಪರನ್ನು ಮುಖದ ಮೇಲೆ ಹೊದ್ದಿದ್ದರು. ಒಡ್ಡನ್‌ಛತ್ರಂ ಮಾರ್ಕೆಟ್ಟಿಗೆ ತರಕಾರಿ ಲಾರಿ ಕಳಿಸುವ ಮೋಹನ್‌ರಾಜ್ ಒಬ್ಬನೇ ಎರಡೂ ಕಡೆಯಿಂದ ಕೇರಂ ಆಡುತ್ತಾ, ಎರಡೂ ಕಡೆಯಿಂದ ಮೋಸ ಮಾಡುತ್ತಿದ್ದ. ನೇರಳೆ ಅಂಚಿನ ಪಂಚೆ ಅವನ ಸೊಂಟದಲ್ಲಿ ಇಸ್ತ್ರಿ ಮಾಡಿಸಿಕೊಂಡು ನಿಂತಿತ್ತು. ಸೆಲ್ವ ಮೆಸೇಜನ್ನು ಜೋರಾಗಿ ಹಾಕಿ ಕೇಳಿಸಿದ.

"ಮನು ಯಾವುದಕ್ಕೆ ಅಂತ ನಾನು ಯೋಚನೆ ಮಾಡಿವ್ನಿ" ಎಂದ. "ಕುಡಿಯೋ ನೀರಿಗೆ. ಬೀದಿ ಕೊನೇಲಿ ಅಮುದಾಕ್ಕನ ಮನೆ ಮುಂದಿನ ನಲ್ಲೀಲಿ ನಾಲ್ಕು ತಿಂಗಳಿಂದ ತೊಟ್ಟು ನೀರಿಲ್ಲೆ. ನೀವಿಬ್ರೂ ಮೊದಲು ಸಹಿ ಹಾಕಿ."

ಪೇಪರಿನ ಕೆಳಗಿನ ಗೊರಕೆ ನಿಂತಿತು. ಕೇರಂ ಕಾಯಿ ಅರ್ಧದಾರಿಯಲ್ಲಿ ನಿಂತಿತು.

"ನೀರಿಗಾ?" ಎಂದರು ಮಾಯಾಂಡಿ, ಪೇಪರನ್ನು ಮೂಗಿನವರೆಗೆ ಇಳಿಸಿ. "ನೀರಿಗೆ ಮನು ಕೊಟ್ರೆ ಆಫೀಸರ್ ಬತ್ತಾರೆ ಸೆಲ್ವಾ. ಆಫೀಸರ್ ಬಂದ್ರೆ ಟೀ ಕೊಡ್ಬೇಕು. ಟೀಗೆ ನೀರು ಬೇಕು. ಯಾತಕ್ಕೆ ವ್ಯರ್ಥ?"

"ಲೈಟಿಗೆ ಕೊಡಣ ಅಣ್ಣಾ" ಎಂದ ಮೋಹನ್‌ರಾಜ್. "ಇಲ್ಲಾ ರೋಡಿಗೆ ಕೊಡಣ. ನೀರು ಮಾತ್ರ ಬೇಡ. ನೀರು ದೇವ್ರು ಕೊಡೋದು, ಅದರಲ್ಲಿ ನಾವು ಕೈ ಹಾಕ್ಬಾರ್ದು."

"ಸರಿ, ಮನು ಬಿಡು. ಕೊಡುಗೆಗೆ ಏನಾದ್ರೂ ಕೊಡ್ತೀರಾ? ಮನೇಲಿ ಬೇಡದ್ದು, ಹಳೇದು, ಯಾವುದಾದ್ರೂ?"

"ಹೆಸರು ಹಾಕಲ್ವಲ್ಲ" ಎಂದರು ಮಾಯಾಂಡಿ ನೊಂದ ದನಿಯಲ್ಲಿ. ಅವರು ಗುಡಿಗೆ ಒಂದು ಗೋಡೆ ಗಡಿಯಾರ ಕೊಟ್ಟಿದ್ದರು. ಅದರಲ್ಲಿ ಅವರ ಹೆಸರು ಎಷ್ಟು ದಪ್ಪಕ್ಕೆ ಬರೆಸಿದ್ದರೆಂದರೆ ಮುಳ್ಳು ಎಲ್ಲಿದೆಯೆಂದು ಪೂಜಾರಿ ಹುಡುಕಬೇಕಿತ್ತು. "ಹೆಸರಿಲ್ಲದೆ ಕೊಟ್ರೆ ಅದು ಕೊಡುಗೆ ಅಲ್ಲ ಕಣಪ್ಪಾ, ಕಳೆದುಹೋದ ಹಂಗೆ."

ಸೆಲ್ವ ಬೀದಿಯ ಮನೆಮನೆಯನ್ನೂ ಹತ್ತಿ ಇಳಿದ. ಮೇಲ್‌ಬೀದಿಯಲ್ಲಿ ನಲ್ಲಿ ಇರುವ ಮನೆಗಳು ಹದಿನೇಳು. ತನ್ನದನ್ನು ಬಿಟ್ಟರೆ ಹದಿನಾರು. ಹದಿನಾರು ಮನೆಯಲ್ಲೂ ನೀರಿನ ಮಾತೆತ್ತಿದ ಕೂಡಲೇ ಒಬ್ಬರಿಗೆ ಒಲೆ ಮೇಲೆ ಹಾಲು ಉಕ್ಕಿತು, ಒಬ್ಬರಿಗೆ ಸೊಂಟ ಹಿಡಿಯಿತು, ಒಬ್ಬರಿಗೆ ಸಹಿ ಮರೆತೇಹೋಗಿತ್ತು. ಕೊಡುಗೆಯೆಂದರೆ, "ನಾವೇ ಇನ್ನೊಬ್ಬರ ಕೈ ನೋಡ್ತಾ ಕೂತಿದ್ದೀವಲ್ಲ" ಎನ್ನುವರು. ಹಾಗಾದರೆ ಪಡೆಯುವ ಬಡವರು ನೀವಾಗಿ, ಫೋಟೊಗೆ ನಿಲ್ಲಿ ಎಂದರೆ, "ಯಾರನ್ನ ನೋಡಿ ಬಡವರು ಅಂತೀಯಾ?" ಎಂದು ಬಾಗಿಲು ಹಾಕುವರು. ಹೀಗೆ ಒಂದು ಬೀದಿಯಷ್ಟು ಉದ್ದಕ್ಕೆ, ಕೊಡುವಷ್ಟು ಇದ್ದವರೂ ಸಿಗಲಿಲ್ಲ, ತೆಗೆದುಕೊಳ್ಳುವಷ್ಟು ಇಲ್ಲದವರೂ ಸಿಗಲಿಲ್ಲ.

ಕೊನೆಗೆ ಉಳಿದದ್ದು ಅಮುದಾಳ ಇಡ್ಲಿ ಅಂಗಡಿ. ಅವಳಿಗೆ ಮನೆಯೊಳಗೆ ನಲ್ಲಿಯಿಲ್ಲ, ಬೀದಿಯ ನಲ್ಲಿಯೇ ಗತಿ. ಅದು ಒಣಗಿದ ಮೇಲೆ ಕಾಲುವೆ ಪಕ್ಕದ ಬೋರಿನಿಂದ ಸೊಂಟದ ಮೇಲೆ ಕೊಡ ಹೊತ್ತು ದಿನಕ್ಕೆ ಎಂಟು ಸಲ ಓಡಾಡುತ್ತಿದ್ದಳು. ಅವಳ ಒಂದು ಭುಜ ಇನ್ನೊಂದಕ್ಕಿಂತ ಇಳಿದುಹೋಗಿದ್ದನ್ನು ಸೆಲ್ವ ಅಂದೇ ಗಮನಿಸಿದ. ಅವನಿಗೆ ನಾಚಿಕೆಯಾಯಿತು.

"ನೀರಿಗೆ ಮನುವಾ? ತಾ ಇಲ್ಲಿ" ಎಂದು ಅವಳು ಕೈಯನ್ನು ಸೆರಗಿಗೆ ಒರೆಸಿ ಸಹಿ ಹಾಕಿದಳು. "ಬಾಕಿಯವರು ಹಾಕಲಿಲ್ವಾ? ಹಾಕಲ್ಲ ಸೆಲ್ವಾ. ಈ ಬೀದೀಲಿ ಇಡ್ಲಿ ಅಂಗಡಿ ಇಟ್ಟವಳು ನಾನೊಬ್ಳು. ಬೆಳಿಗ್ಗೆ ಎದ್ದು ರುಬ್ಬೋದು ಮಾತ್ರ ಎಲ್ಲರ ಮನೇಲೂ."

ಸೆಲ್ವ ಇದನ್ನು ಅವಳ ವ್ಯಾಪಾರಕ್ಕೆ ಬಂದ ಪೈಪೋಟಿಯ ದುಃಖವೆಂದು ತಿಳಿದು, "ಬಿಡಕ್ಕಾ, ನಿನ್ನ ಇಡ್ಲಿ ಯಾರಿಗೂ ಬರಲ್ಲ" ಎಂದು ಸಮಾಧಾನ ಹೇಳಿದ. ಅವಳು ಅವನನ್ನು ಒಂದು ಕ್ಷಣ ಅಡಿಯಿಂದ ಮುಡಿಯವರೆಗೆ ನೋಡಿ, "ನಿನ್ನಂಥವನ ಕೈಲಿ ಮನು ಕೊಟ್ಟು ಕಳಿಸ್ತಾ ಇವ್ನಿ ನೋಡು, ನನ್ನ ಹಣೇಬರ" ಎಂದಳು.

"ಹಂಗೇ ಸಾಯಂಕಾಲ ಕೊಡುಗೆ ಇಸ್ಕೊಳ್ಳೋಕೆ ಫೋಟೊಗೆ..."

"ನಾನು ದುಡಿದು ತಿನ್ನೋಳು. ಫೋಟೊ ಗೀಟೊ ಅಂದ್ರೆ ಸಾಂಬಾರ್ ಹುಯ್ತೀನಿ."

ಪಂಚಾಯಿತಿ ಆಫೀಸಿನಲ್ಲಿ ನೀರಿನ ಇಂಜಿನಿಯರ್ ಸುಗನ್ಯಾ ಮನುವನ್ನು ಎರಡು ಸಲ ಓದಿದಳು. ಚಿಕ್ಕ ವಯಸ್ಸು, ಚುರುಕು ಕಣ್ಣು.

"ಇಡೀ ಬೀದಿಗೆ ಎರಡೇ ಸಹಿಯಾ?" ಎಂದಳು ತಮಿಳಿನಲ್ಲಿ.

"ಬಾಕಿಯವರದು ಮನಸ್ಸಿನಲ್ಲಿದೆ ಮೇಡಂ" ಎಂದ ಸೆಲ್ವ, ಅವನೂ ತಮಿಳಿಗೆ ಹೊರಳಿ.

"ಟ್ಯಾಂಕು ತುಂಬಿದೆ, ವಾಲ್ವ್ ಸರಿಯಿದೆ, ನಿಮ್ಮ ಬೀದಿಯ ಬಾಯಿವರೆಗೂ ನೀರು ಜೋರಾಗೇ ಬರುತ್ತದೆ. ಆಮೇಲೆ ಎಲ್ಲಿ ಹೋಗುತ್ತದೆ ಅಂತ ನನಗೂ ಗೊತ್ತಾಗಬೇಕು. ನಾಲ್ಕು ಗಂಟೆಗೆ ನಾನೇ ಬರುತ್ತೇನೆ. ಪ್ರತಿ ಮನೆಯ ನಲ್ಲಿ ನೋಡುತ್ತೇನೆ, ಹಿತ್ತಲೂ ಸೇರಿ." ರಸೀದಿಗೆ ಮುದ್ರೆ ಒತ್ತಿ, "ಯಾರಿಗೂ ಹೇಳಬೇಡಿ" ಎಂದು ಸೇರಿಸಿದಳು.

ಸೆಲ್ವ ಯಾರಿಗೂ ಹೇಳಬಾರದು ಎಂದು ಇಪ್ಪತ್ತು ನಿಮಿಷ, ಅಂದರೆ ಟೌನ್ ಬಸ್ಸು ಒಡೆಯಪಟ್ಟಿ ಮುಟ್ಟುವವರೆಗೆ, ಗಟ್ಟಿಯಾಗಿದ್ದ. ಇಳಿದ ಕೂಡಲೇ ಮಾಯಾಂಡಿ ಸಿಕ್ಕಿದರು. ಹನ್ನೊಂದು ವರ್ಷದ ಕಾರ್ಯದರ್ಶಿಗಿರಿಯಲ್ಲಿ ಮೊದಲ ಸಲ ಒಬ್ಬ ಆಫೀಸರು ತನ್ನ ಮಾತಿಗೆ ಎದ್ದು ಬರುತ್ತಿರುವಾಗ ಯಾವ ಮನುಷ್ಯ ತಾನೇ ಬಾಯಿ ಮುಚ್ಚಿಕೊಂಡಿರುತ್ತಾನೆ?

"ಮನೆಯೊಳಗೂ ಬತ್ತಾಳಾ?" ಎಂದರು ಮಾಯಾಂಡಿ.

"ಒಳಗೂ ಬತ್ತಾರೆ, ಹಿತ್ತಲಿಗೂ ಬತ್ತಾರೆ ದೊಡ್ಡಪ್ಪಾ. ನಾಲ್ಕಕ್ಕೆ."

ಮಾಯಾಂಡಿ ಎಪ್ಪತ್ತೊಂದನೇ ವಯಸ್ಸಿನಲ್ಲಿ ಅಷ್ಟು ಬೇಗ ನಡೆದದ್ದನ್ನು ಬೀದಿಯಲ್ಲಿ ಯಾರೂ ನೋಡಿರಲಿಲ್ಲ. ನಾಲ್ಕು ಹೆಜ್ಜೆ ಹೋದವರು ತಿರುಗಿ ಬಂದು, "ಸೆಲ್ವಾ, ಬೆಳಿಗ್ಗೆ ಏನೋ ಕೊಡುಗೆ ಅಂದ್ಯಲ್ಲ" ಎಂದು ಕೇಳಿದರು. "ಹೆಸರು ಹಾಕಲ್ಲ, ಅಲ್ವಾ?"

"ಹಾಕಲ್ಲ."

"ಮೂಟೆ ಬಿಚ್ಚಿ ನೋಡ್ತೀಯಾ?"

"ಗುಪ್ತ ದಾನ ದೊಡ್ಡಪ್ಪಾ. ನಾನು ಯಾಕೆ ನೋಡ್ಲಿ? ಕಟ್ಟಿಕೊಂಡು ಬನ್ನಿ, ಮನ್ರಂನಲ್ಲಿ ಇಡಿ. ಬೀಗ ನನ್ನ ಹತ್ರ ಇರ್ತದೆ."

"ಬೀಗ ಇರಬೇಕು" ಎಂದರು ಮಾಯಾಂಡಿ. "ಅದು ಮುಖ್ಯ."

ಎರಡು ಗಂಟೆಗೆ ಮೊದಲ ಮೂಟೆ ಬಂತು. ಎರಡೂವರೆಗೆ ಆರಾಗಿತ್ತು. ಮೂರು ಗಂಟೆಯ ಹೊತ್ತಿಗೆ ಮನ್ರಂ ಬಾಗಿಲಲ್ಲಿ ಸಾಲು ನಿಂತಿತು. ಬೆಳಿಗ್ಗೆ ಮುಖದ ಮೇಲೆ ಬಾಗಿಲು ಹಾಕಿದವರೇ ಗೋಣಿಚೀಲವನ್ನೋ ಹಳೆ ಬೆಡ್‌ಶೀಟಿನ ಗಂಟನ್ನೋ ಎದೆಗವಚಿಕೊಂಡು, ಬೆವರಿಕೊಂಡು, ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಎಂಬ ಹಾಗೆ ಅತ್ತಿತ್ತ ನೋಡಿಕೊಂಡು ಬರುತ್ತಿದ್ದರು. ಮೋಹನ್‌ರಾಜ್‌ನ ಮೂಟೆಯನ್ನು ಇಬ್ಬರು ಹೊರಬೇಕಾಯಿತು.

"ಏನು ಮೋಹನ್, ಇಷ್ಟು ಭಾರ?"

"ಅಕ್ಕಿ ಅಣ್ಣಾ."

ಕೆಳಗಿಟ್ಟಾಗ ಅಕ್ಕಿ ಠಣ್ ಎಂದಿತು.

"ಹಳೇ ಅಕ್ಕಿ" ಎಂದ ಮೋಹನ್‌ರಾಜ್. "ಸ್ವಲ್ಪ ಗಟ್ಟಿ."

ಸೆಲ್ವನ ಕಣ್ಣು ತುಂಬಿ ಬಂತು. ಈ ಜನರನ್ನು ತಾನು ಜಿಪುಣರೆಂದು ತಿಳಿದಿದ್ದೆನಲ್ಲ, ಎಂಥ ಪಾಪಿ ನಾನು ಎಂದುಕೊಂಡ. ಹೇಳುವ ರೀತಿಯಲ್ಲಿ ಹೇಳಿದರೆ ಜನ ಯಾವತ್ತೂ ಕೊಡುತ್ತಾರೆ, ನಾಯಕನಿಗೆ ಹೇಳಲು ಬರಬೇಕು ಅಷ್ಟೆ ಎಂದೂ ಅನ್ನಿಸಿತು. ಆ ನಾಯಕ ಯಾರೆಂದು ಯೋಚಿಸಿ ಮೀಸೆಯ ಮೇಲೆ ಕೈಯಾಡಿಸಿದ. ಖುಷಿಯಲ್ಲಿ ಬಾಗಿಲಿಗೆ ಬೀಗ ಹಾಕುವುದನ್ನೂ ಮರೆತು ಅಮುದಾಳ ಅಂಗಡಿಗೆ ಹೋಗಿ ಒಂದು ಟೀ ಕುಡಿದು ಬಂದ.

ಬಂದು ಎಣಿಸಿದರೆ ಮೂಟೆ ಹದಿನೇಳು. ಮತ್ತೆ ಎಣಿಸಿದ. ಹದಿನೇಳೇ. ಬೇರೆ ಮನೆ ಇರುವುದು ಹದಿನಾರು. ಅಮುದಾ ಏನೂ ಕೊಡಲಿಲ್ಲ. ಹಾಗಾದರೆ ಯಾರೋ ಒಬ್ಬ ಪುಣ್ಯಾತ್ಮ ಎರಡು ಸಲ ಕೊಟ್ಟಿದ್ದಾನೆ. ಹೆಸರು ಬಿಟ್ಟರೆ ಮನುಷ್ಯ ಎಷ್ಟು ಎತ್ತರಕ್ಕೆ ಹೋಗುತ್ತಾನೆ ಎಂದು ಸೆಲ್ವ ಮೂಲೆಯಲ್ಲಿದ್ದ ಆ ಹದಿನೇಳನೇ ಮೂಟೆಗೆ ಕೈ ಮುಗಿದ.

ನಾಲ್ಕಕ್ಕೆ ಸರಿಯಾಗಿ ಸುಗನ್ಯಾ ಬಂದಳು, ಜತೆಗೆ ಇಬ್ಬರು ಕೆಲಸಗಾರರು, ಹಿಂದೊಂದು ಟ್ರ್ಯಾಕ್ಟರು. ವಾಲ್ವ್ ತೆರೆಸಿ ಒಂದೊಂದೇ ಮನೆ ಹೊಕ್ಕಳು. ಎಲ್ಲ ಮನೆಯಲ್ಲೂ ನಗುಮುಖ, ಎಲ್ಲ ಹಿತ್ತಲೂ ಈಗಷ್ಟೇ ತೊಳೆದ ಹಾಗೆ ಸ್ವಚ್ಛ. ಮಾಯಾಂಡಿಯ ಹಿತ್ತಲಲ್ಲಿ ನಲ್ಲಿಯ ಪಕ್ಕ ಒಂದು ಸಿಮೆಂಟು ಕಟ್ಟೆ, ಅದರ ಮೇಲೆ ನಾಲ್ಕು ಬೋಲ್ಟು, ಸುತ್ತ ತುಕ್ಕಿನ ಗುರುತು.

"ಇಲ್ಲಿ ಏನಿತ್ತು?"

"ತುಳಸಿ, ಅಮ್ಮಣ್ಣೀ" ಎಂದರು ಮಾಯಾಂಡಿ.

"ಬೋಲ್ಟ್ ಹಾಕಿ?"

"ಗಾಳಿ ಜಾಸ್ತಿ ಇಲ್ಲಿ."

ಪಕ್ಕದ ಮನೆಯಲ್ಲೂ ಬೋಲ್ಟು ಹಾಕಿದ ತುಳಸಿಯಿತ್ತಂತೆ. ಅದರಾಚೆಯದರಲ್ಲೂ. ಸುಗನ್ಯಾ ಹುಬ್ಬು ಗಂಟಿಕ್ಕಿ ನಡೆಯುತ್ತಿದ್ದಳು. ಅಷ್ಟರಲ್ಲಿ ಬೀದಿಯ ಕೊನೆಯಿಂದ ಒಂದು ಸದ್ದು ಕೇಳಿಸಿತು. ಅಮುದಾಳ ಮನೆ ಮುಂದಿನ ನಲ್ಲಿ ಮೊದಲು ಕೆಮ್ಮಿತು, ಒಂದಿಷ್ಟು ಕೆಂಪು ನೀರು ಉಗುಳಿತು, ಆಮೇಲೆ ಧೋ ಎಂದು ಸುರಿಯಿತು. ಅಮುದಾ ಕೊಡ ಇಡಲಿಲ್ಲ. ಮೊದಲು ಎರಡು ಕೈಯನ್ನೂ ಅದರ ಕೆಳಗೆ ಒಡ್ಡಿ ಸುಮ್ಮನೆ ನಿಂತಳು. ಸೆಲ್ವ ಎರಡು ಹೆಜ್ಜೆ ಮುಂದೆ ಬಂದು ನೋಡಿದ. ಹನ್ನೊಂದು ವರ್ಷದಲ್ಲಿ ತಾನು ಮಾಡಿದ ಒಂದೇ ಒಂದು ಕೆಲಸ ಅಲ್ಲಿ ಕಣ್ಣೆದುರು ಸುರಿಯುತ್ತಿತ್ತು.

"ವಿಚಿತ್ರ" ಎಂದಳು ಸುಗನ್ಯಾ. "ಎಲ್ಲ ಸರಿಯಾಗಿದೆ. ಸರಿ, ನಾನು ಹೊರಡುತ್ತೇನೆ."

ಬೀದಿಯೆಲ್ಲ ಒಟ್ಟಿಗೆ ಉಸಿರು ಬಿಟ್ಟಿತು. ಅವಳು ಹಾಗೇ ಹೊರಟಿದ್ದರೆ ಈ ಕತೆಯೂ ಅಲ್ಲಿಗೇ ಸುಖವಾಗಿ ಮುಗಿಯುತ್ತಿತ್ತು. ಆದರೆ ಸೆಲ್ವನೊಳಗಿನ ನಾಯಕ ಆಗಷ್ಟೇ ಎದ್ದು ಕೂತಿದ್ದ.

"ಮೇಡಂ, ಒಂದು ನಿಮಿಷ. ನಮ್ಮ ಜನರ ದೊಡ್ಡ ಮನಸ್ಸನ್ನೂ ನೋಡಿಕೊಂಡು ಹೋಗಬೇಕು."

ಮಾಯಾಂಡಿ ಕೆಮ್ಮಿದರು. ಮೋಹನ್‌ರಾಜ್ ಸೆಲ್ವನ ಕಾಲು ತುಳಿದು, "ಮೇಡಂಗೆ ಹೊತ್ತಾಗ್ತದೆ ಅಣ್ಣಾ" ಎಂದ. ಯಾರೋ ಹಿಂದಿನಿಂದ ಅವನ ಅಂಗಿ ಎಳೆದರು. ಬಾಗಿಲ ಹಿಂದೆ ವೀರಮ್ಮಾಳ್ ತಲೆಯಾಡಿಸಿ ಬೇಡ ಬೇಡ ಎಂದು ಸನ್ನೆ ಮಾಡಿದಳು.

"ಬಹಳ ಸಂಕೋಚದ ಜನ ಮೇಡಂ" ಎಂದ ಸೆಲ್ವ ಹೆಮ್ಮೆಯಿಂದ. "ಕೊಟ್ಟದ್ದನ್ನು ತೋರಿಸಿಕೊಳ್ಳಲು ಇಷ್ಟಪಡುವುದಿಲ್ಲ. ಹದಿನೇಳು ಮೂಟೆ. ಇನ್ನೂ ನಾನೂ ನೋಡಿಲ್ಲ. ಮೊದಲನೆಯದನ್ನು ನಿಮ್ಮ ಕೈಯಿಂದಲೇ ಬಿಚ್ಚಬೇಕು."

ಸುಗನ್ಯಾ ಗಂಟು ಬಿಚ್ಚಿದಳು. ಒಳಗೆ ನೀಲಿ ಬಣ್ಣದ ಒಂದು ನೀರಿನ ಮೋಟರು, ಬಾಯಲ್ಲಿ ಇನ್ನೂ ತೇವವಿದ್ದ ಪೈಪಿನ ತುಂಡು ಕಚ್ಚಿಕೊಂಡು ಕೂತಿತ್ತು.

"ಮೋಟರು" ಎಂದ ಸೆಲ್ವ. "ಪಾಪ, ಯಾರೋ ಬೆಲೆಬಾಳುವುದನ್ನೇ ಕೊಟ್ಟಿದ್ದಾರೆ."

ಎರಡನೆಯದರಲ್ಲೂ ಮೋಟರು. ಮೂರನೆಯದರಲ್ಲೂ. ಮೋಹನ್‌ರಾಜ್‌ನ ಅಕ್ಕಿ ಒಂದು ತೋಟಕ್ಕೇ ನೀರೆಳೆಯುವಂಥ ದೊಡ್ಡ ಮೋಟರು. ಏಳನೆಯದು ಬಿಚ್ಚುವ ಹೊತ್ತಿಗೆ ಸೆಲ್ವನ ತಲೆಯೊಳಗೆ ಬೆಳಗಿನ ಗುಂಯ್ ಸದ್ದು ಕೇಳಿಸತೊಡಗಿತು. ಎಡಗಡೆ ಮನೆಯ ಗುಂಯ್, ಬಲಗಡೆ ಮನೆಯ ಗುಂಯ್. ಇಡ್ಲಿ ಅಂಗಡಿ ಇಟ್ಟವಳು ನಾನೊಬ್ಳು ಎಂದ ಅಮುದಾಳ ಮಾತು ಈಗ ಅವನಿಗೆ ಅರ್ಥವಾಯಿತು.

"ಪೈಪಿಗೆ ಮೋಟರ್ ಹಾಕಿ ಬೀದಿ ನೀರನ್ನೆಲ್ಲ ಎಳೆಯುವುದು ಎಂಥ ತಪ್ಪು ಗೊತ್ತಾ?" ಎಂದಳು ಸುಗನ್ಯಾ. ಅವಳ ದನಿ ತಣ್ಣಗಿತ್ತು. "ಸಿಕ್ಕ ಮನೆಯ ಕನೆಕ್ಷನ್ ಮೂರು ತಿಂಗಳು ಕಟ್. ಇವೆಲ್ಲ ಸಿಕ್ಕಿರುವುದು ನಿಮ್ಮ ಮನೆಯಲ್ಲಿ."

"ಇದು ಮನ್ರಂ ಮೇಡಂ."

"ನಲ್ಲಿ ನಂಬರು ಒಂದೇ ಅಲ್ಲವಾ?"

ಒಂದೇ ಆಗಿತ್ತು. ಸೆಲ್ವನ ಮೈ ಬೆವೆತಿತು, ಆದರೆ ಸಿಟ್ಟೂ ಬಂತು. ಅಮುದಾಳ ಇಳಿದ ಭುಜ ನೆನಪಾಗಿ ಹನ್ನೊಂದು ವರ್ಷದಲ್ಲಿ ಬಾರದ ಸಿಟ್ಟು ಬಂತು.

"ಮೇಡಂ, ಇವು ನನ್ನವಲ್ಲ. ಯಾರ್ಯಾರವು ಅಂತ ಒಂದೊಂದಾಗಿ ಹೇಳುತ್ತೇನೆ, ಬರೆದುಕೊಳ್ಳಿ. ಹದಿನಾರು ಮನೆ. ಯಾರ ಮುಖವನ್ನೂ ನೋಡುವುದಿಲ್ಲ. ನನ್ನ ಮನೆಯಲ್ಲಿ ಇಂಥ ಕಳ್ಳತನ ಇಲ್ಲ, ಅದಕ್ಕೇ ನನಗೆ ಹೇಳುವ ಧೈರ್ಯವಿದೆ." ಅವನು ದೀರ್ಘವಾಗಿ ಉಸಿರೆಳೆದುಕೊಂಡು ಮಾಯಾಂಡಿಯ ಕಡೆ ಬೆರಳೆತ್ತಿದ.

ಅದೇ ಹೊತ್ತಿಗೆ ಕೆಲಸಗಾರ ಮೂಲೆಯಲ್ಲಿದ್ದ ಹದಿನೇಳನೇ ಮೂಟೆಯನ್ನು ಬಿಚ್ಚಿದ. ಈ ಮೋಟರಿಗೆ ಚಳಿಯಾಗದ ಹಾಗೆ ಒಳಗೊಂದು ಬಟ್ಟೆ ಸುತ್ತಿತ್ತು. ಬಿಳಿ ಬಟ್ಟೆ, ನೇರಳೆ ಅಂಚು, ನಡುವೆ ಗ್ರೀಸಿನ ಕಲೆ. ಸುಗನ್ಯಾ ಮೂಲೆಯನ್ನು ಬಿಡಿಸಿ ಗಟ್ಟಿಯಾಗಿ ಓದಿದಳು: "ತಮಿಳ್‌ಸೆಲ್ವನ್, ಕಾರ್ಯದರ್ಶಿ."

ಹದಿನೇಳು ಮೂಟೆಗಳಲ್ಲಿ ಹೆಸರಿದ್ದದ್ದು ಅದೊಂದರ ಮೇಲೇ.

ಎತ್ತಿದ ಬೆರಳು ಮೆಲ್ಲಗೆ ಇಳಿಯಿತು. ಸೆಲ್ವ ಹೆಂಡತಿಯ ಕಡೆ ನೋಡಿದ. ವೀರಮ್ಮಾಳ್ ಸೂರಿನಲ್ಲಿ ಎಷ್ಟು ತೊಲೆ ಇದೆಯೆಂದು ಎಣಿಸುತ್ತಿದ್ದಳು.

"ಗ್ರೈಂಡರ್ ಅಂದ್ಯಲ್ಲ?" ಎಂದ ಪಿಸುಮಾತಿನಲ್ಲಿ, ಕನ್ನಡದಲ್ಲಿ.

"ಗ್ರೈಂಡರ್ ಕೆಟ್ಟು ಮೂರು ವರ್ಷ ಆಯ್ತು ಮಾಮಾ" ಎಂದಳು ಅವಳೂ ಪಿಸುಮಾತಿನಲ್ಲಿ. "ಬೀದಿಯೆಲ್ಲ ಎಳೀವಾಗ ಕಾರ್ಯದರ್ಶಿ ಹೆಂಡ್ತಿ ಅಂತ ನಾನೊಬ್ಳು ಒಣಗಬೇಕಾ? ಸದ್ದು ಕೇಳಬಾರ್ದೂಂತ ವೇಷ್ಟಿ ಸುತ್ತಿದ್ದೆ."

"ಏನೋ ಹೆಸರು ಹೇಳುತ್ತೀರಿ ಅಂದಿರಿ" ಎಂದಳು ಸುಗನ್ಯಾ, ಪೆನ್ನು ಹಿಡಿದು.

ಸೆಲ್ವ ಹದಿನಾರು ಮುಖಗಳನ್ನು ನೋಡಿದ. ಹದಿನಾರು ಮುಖಗಳೂ ಆ ಪಂಚೆಯನ್ನು ನೋಡುತ್ತಿದ್ದವು. ಈಗ ಬಾಯಿ ಬಿಟ್ಟರೆ ಮೊದಲ ಹೆಸರು ಯಾರದೆಂದು ಅವರಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

"ಗುಪ್ತ ದಾನ ಮೇಡಂ" ಎಂದ. "ಹೆಸರು ಹೇಳುವ ಹಾಗಿಲ್ಲ."

ಐದು ಗಂಟೆಗೆ ಹದಿನೇಳು ಮೋಟರು ಟ್ರ್ಯಾಕ್ಟರು ಏರಿದವು, ಜತೆಯಲ್ಲಿ ಸಾಕ್ಷಿಯೆಂದು ಪಂಚೆಯೂ ಏರಿತು. ಸೆಲ್ವನ ಮನೆಯ ಪೈಪನ್ನು ಕತ್ತರಿಸಿ ತುದಿಗೆ ಮುಚ್ಚಳ ಬಡಿದರು. ಬೀದಿಯ ಬಾಕಿ ಹದಿನಾರು ಮನೆಗಳ ನಲ್ಲಿಯಲ್ಲಿ ಮೋಟರಿನ ಹಂಗಿಲ್ಲದೆ ನೀರು ತಾನಾಗಿಯೇ ಧಾರಾಳವಾಗಿ ಸುರಿಯುತ್ತಿತ್ತು.

ಸೆಲ್ವ ಮೆಟ್ಟಿಲ ಮೇಲೆ ಕೂತಿದ್ದ. ಮೊದಲು ಬಂದವಳು ಅಮುದಾ. ಸೊಂಟದ ಮೇಲಿನ ತುಂಬಿದ ಕೊಡವನ್ನು ಅವನ ಮುಂದಿಟ್ಟಳು.

"ಇಟ್ಕೊ ಸೆಲ್ವಾ. ನಾಲ್ಕು ತಿಂಗಳಿಂದ ಮೊದಲನೇ ಕೊಡ. ಬೆಪ್ಪನಾದ್ರೂ ನೀನೊಬ್ಬ ಹೋಗಿ ಕೇಳ್ದೆ." ಸೆರಗಿನಿಂದ ಮುಖ ಒರೆಸಿಕೊಂಡು, "ಹೆಸರು ಹೇಳ್ಬೇಡ" ಎಂದು ಹೊರಟುಹೋದಳು.

ಅವಳನ್ನು ನೋಡಿ ಬಾಕಿಯವರಿಗೂ ಮನಸ್ಸು ಚುರುಕ್ ಎಂದಿರಬೇಕು. ಒಬ್ಬೊಬ್ಬರಾಗಿ ಒಂದೊಂದು ಕೊಡ ತಂದಿಟ್ಟರು. ಯಾರೂ ಅವನ ಮುಖ ನೋಡಲಿಲ್ಲ. ಐದೂಮುಕ್ಕಾಲಿಗೆ ಮೆಟ್ಟಿಲ ತುಂಬ ಕೊಡಗಳು. ಆಗ ಮಾಯಾಂಡಿಗೆ ಬೋರ್ಡು ನೆನಪಾಯಿತು.

"ಲೇ ಸೆಲ್ವಾ, ಆರು ಗಂಟೆ ಆಗ್ತಾ ಬಂತು. ರಸೀದಿ ಇದೆ, ಕೊಡುಗೆ ಇದೆ. ಇನ್ನು ಪಡೆಯೋ ಬಡವ ಒಬ್ಬ ಬೇಕಲ್ಲ." ಎಲ್ಲರೂ ಸುತ್ತಮುತ್ತ ನೋಡಿದರು. ಈಗ ಬೀದಿಗೆಲ್ಲ ಕುಡಿಯಲು ನೀರಿಲ್ಲದ ಮನುಷ್ಯ ಒಬ್ಬನೇ ಇದ್ದ.

ಮೋಹನ್‌ರಾಜ್ ತನ್ನ ಕರೆ ವೇಷ್ಟಿಯನ್ನು ಸರಿಮಾಡಿಕೊಂಡು ಕೊಡ ಎತ್ತಿ ನಿಂತ. ಸೆಲ್ವ ಬಿಳಿ ಪಂಚೆಯಲ್ಲಿ ಎರಡೂ ಕೈ ಒಡ್ಡಿ ನಿಂತ. ಮಾಯಾಂಡಿ ಫೋನು ಹಿಡಿದು, "ಮುಖ ಸ್ವಲ್ಪ ಬಡವರ ಹಂಗೆ ಮಾಡಪ್ಪಾ" ಎಂದರು. ಅದಕ್ಕೆ ಅವನು ಏನೂ ಮಾಡಬೇಕಾಗಲಿಲ್ಲ.

ಆರಕ್ಕೆ ಎರಡು ನಿಮಿಷವಿರುವಾಗ, 'ಕೊಟ್ಟವರು ಒಬ್ಬ ಸದಸ್ಯ, ಪಡೆದವರು ಒಬ್ಬ ಬಡವ' ಎಂಬ ಹೆಸರಿಲ್ಲದ ಸಾಲಿನ ಜತೆ ಫೋಟೊ ಹೋಯಿತು. ಆರೂ ಐದಕ್ಕೆ ಇಂದುಜಾಳ ಧ್ವನಿ ಬಂತು. ಬೀದಿಯೆಲ್ಲ ಫೋನಿನ ಸುತ್ತ ಸೇರಿತು.

"ಒಡೆಯಪಟ್ಟಿ ಮನ್ರಂಗೆ ವಂದನೆಗಳು. ಜಿಲ್ಲೆಗೇ ನೀವು ಮೊದಲು. ಆ ಬಡ ತಾತನ ಮುಖ ನೋಡಿ ನನಗೆ ಅಳುವೇ ಬಂತು. ನಿಮ್ಮ ಬೋರ್ಡನ್ನು ಯಾರೂ ಮುಟ್ಟುವುದಿಲ್ಲ."

ಸೆಲ್ವ ಕಣ್ಣು ಮುಚ್ಚಿ ಬೋರ್ಡಿಗೆ ಕೈ ಮುಗಿದ. ತಾತನಾದರೆ ಆಗಲಿ, ಬೋರ್ಡು ಉಳಿಯಿತಲ್ಲ ಎಂದುಕೊಂಡ. ಆದರೆ ಧ್ವನಿ ಇನ್ನೂ ಮುಗಿದಿರಲಿಲ್ಲ.

"ಒಂದೇ ಬೇಸರ. ಫೋಟೊದಲ್ಲಿ ನಿಮ್ಮ ಕಾರ್ಯದರ್ಶಿ ಎಲ್ಲೂ ಕಾಣಲಿಲ್ಲ. ಇಂಥ ದಿನ ಮನೆಯಲ್ಲಿ ಮಲಗುವವರು ನಮಗೆ ಬೇಡ. ಕೊಡ ಕೊಡುತ್ತಿರುವ ಆ ಕರೆ ವೇಷ್ಟಿ ಅಣ್ಣನೇ ನಾಳೆಯಿಂದ ಕಾರ್ಯದರ್ಶಿ."

ಸೆಲ್ವ ಫೋನು ಕಿತ್ತುಕೊಂಡು ಮಾತಾಡುವ ಗುಂಡಿ ಒತ್ತಿದ. "ಮೇಡಂ, ನಾನೇ..." ಎಂದ.

"ಹೇಳು ಮಾಮಾ" ಎಂದಳು ವೀರಮ್ಮಾಳ್ ಹಿಂದಿನಿಂದ. "ನಿನಗ್ಯಾಕೆ ನೀರಿಲ್ಲ ಅಂತ ಕೇಳ್ತಾಳೆ. ಅದನ್ನೂ ಹೇಳು."

ಸೆಲ್ವ ಗುಂಡಿಯಿಂದ ಬೆರಳು ತೆಗೆದ. ಮುಚ್ಚಳ ಬಡಿದ ಪೈಪನ್ನು ನೋಡಿದ. ಆಮೇಲೆ ಬೋರ್ಡಿನ ಕೆಳಗೆ ಆಗಲೇ ಹೋಗಿ ನಿಂತಿದ್ದ ಮೋಹನ್‌ರಾಜ್‌ನ ಬಳಿ ಬಂದು, ನಾಲಿಗೆ ತಡವರಿಸುತ್ತಾ ಹೇಳಿದ:

"ಕಾರ್ಯದರ್ಶಿಯವರೇ, ನಮ್ಮನೆ ನಲ್ಲಿ ವಾಪಸ್ ಬರೋ ಹಂಗೆ ಒಂದು ಮನು ಬರೀಬೇಕಾಗಿತ್ತು. ಬೀದಿಯವರೆಲ್ಲ ಸಹಿ ಹಾಕಿದ್ರೆ..."

ಮೋಹನ್‌ರಾಜ್ ಪಂಚೆಯ ಅಂಚನ್ನು ಎತ್ತಿ ಹಿಡಿದು, ಮಾಯಾಂಡಿಯ ಮುಖ ನೋಡಿ, ಗಂಟಲು ಸರಿಮಾಡಿಕೊಂಡ.

"ನೀರು ಮಾತ್ರ ಬೇಡಣ್ಣಾ" ಎಂದ. "ಲೈಟಿಗೆ ಕೊಡಣ."